ಮಾವ ನೋಡಿದ ಹಾಡು

ನಮ್ಮ ಮಾವನಿಗೆ ಕಿವಿ ಪೂರ್ತಿ ಹೋಗಿದೆ ಎನ್ನುವ ಗುಟ್ಟು ನನ್ನ ಬಾಯಿಂದಲೇ ಹೊರಬಿತ್ತು. ಅದೂ ಹಬ್ಬ ಬಾಗಿಲಿಗೆ ಬಂದು ನಿಂತಿರುವಾಗ, ಅದೂ ಊರಿನ ಅಷ್ಟೂ ಹೆಂಗಸರು ಸೇರಿದ್ದ ಒಲೆಯ ಮುಂದೆ, ಅದೂ ಆ ನಿಕಾನೋರಾಳ ಎದುರಿಗೆ! ನನ್ನ ಬಾಯಿಗಿಷ್ಟು ಬೆಂಕಿ ಬೀಳ.

ನಮ್ಮೂರು ಸಾನ್ ಫೆರ್ಮಿನ್‌ನಲ್ಲಿ ಹಬ್ಬದ ವಾರ ಎಲ್ಲರ ಮನೆಯ ಕುನ್ಯಪೆಯೂ ಬೇಯುವುದು ಇಗರ್ಜಿಯ ಹಿತ್ತಿಲಿನ ದೊಡ್ಡ ಮಣ್ಣಿನ ಒಲೆಯಲ್ಲೇ. ಮರಗೆಣಸಿನ ಹಿಟ್ಟಿಗೆ ಚೀಸು ಕಲಸಿ, ಉಂಡೆ ಕಟ್ಟಿ, ತಟ್ಟೆ ಮಡಿಲಲ್ಲಿಟ್ಟುಕೊಂಡು ಸರದಿ ಕಾಯುತ್ತ ಕೂತಿದ್ದೆವು. ಕೂತ ಹೆಂಗಸರು ಸುಮ್ಮನಿರುತ್ತಾರೆಯೇ? ನಿಕಾನೋರಾ ಶುರು ಮಾಡಿದಳು.

"ಏನ್ ಪೆತ್ರೋನಾ, ನಿನ್ ಮಗ್ಳು ಹಬ್ಬದ ಕೀರ್ತನೇನ ಕುದುರೆ ಓಡಿಸ್ದಂಗೆ ಓಡಿಸ್ತಾಳಂತಲ್ಲ? ನಮ್ಮೆಜಮಾನ್ರು ಹೇಳ್ತಿದ್ರು, ಸಂತರು ಗೂಡಿಂದ ಇಳಿದು ಓಡಿಹೋಗ್ತಾರೆ ಅಂತ."

"ನಿಮ್ಮೆಜಮಾನ್ರು ಹಾಡಿಸಿದ್ರೆ ಸಂತರು ನಿಂತಲ್ಲೇ ಗೊರಕೆ ಹೊಡೀತಾರೆ" ಎಂದೆ ನಾನು.

ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಗೆದ್ದವಳು ನಾನೇ. ಆದರೆ ನಿಕಾನೋರಾ ಬೀಸಣಿಗೆಯಿಂದ ಗಾಳಿ ಬೀಸಿಕೊಳ್ಳುತ್ತ, "ನಗಿ, ನಗಿ. ನಿಮ್ಮಾವ ದೊನ್ ಅನಸ್ತಾಸಿಯೊ ಕಿವಿ ಹಳೇ ಕಿವಿ. ಹಾಡು ಹೇಗಿರ್ಬೇಕು ಅಂತ ಆ ಕಿವಿಗೆ ಗೊತ್ತು. ನಿನ್ನ ಮಗ್ಳ ಪಟ್ಟಣದ ಓದು ಅಲ್ಲಿ ನಡೆಯಲ್ಲ" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಯಾವ ಕಿವಿ? ಅವರ ಕಿವಿ ಹೋಗಿ ಯಾವ ಕಾಲ ಆಯ್ತು! ಬೆಂಚಲ್ಲಿ ಕೂತಿರೋರ ಮುಖ ನೋಡಿ ತೀರ್ಮಾನ ಮಾಡ್ತಾರೆ ಈ ಸಲ. ನಿನ್ನ ಗಂಡನ ಹಾಡು ಅವರಿಗೆ ಕೇಳಿಸೋದೂ ಒಂದೇ, ಆ ಗೋಡೆಗೆ ಕೇಳಿಸೋದೂ ಒಂದೇ!"

ಪಕ್ಕದಲ್ಲಿ ಕೂತಿದ್ದ ನನ್ನ ನಾದಿನಿ ಬೆನೀತಾ ನನ್ನ ತೊಡೆ ಚಿವುಟಿದಳು, ಆದರೆ ಹೋದ ಮಾತು ಹೋಗಿತ್ತು. ನಿಕಾನೋರಾ ತಿರುಗಿ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ಬಾಯಿ ಮುಚ್ಚಿಕೊಂಡು, ಬೇಯದ ತಟ್ಟೆಯನ್ನೇ ಎತ್ತಿಕೊಂಡು, ನಸುನಗುತ್ತ ಮನೆಯ ಕಡೆ ಹೊರಟಳು.

ನಮ್ಮೂರ ಹಾಡಿನ ಮೇಳ ಹಳೆಯ ಪಾದ್ರಿಗಳ ಕಾಲದ್ದು. ಪಾದ್ರಿಗಳನ್ನು ರಾಜ ಓಡಿಸಿದ, ಹಾಡು ಇಲ್ಲೇ ಉಳಿಯಿತು. ಹೊರಗಿನಿಂದ ಬರುವವರು ಅದಕ್ಕೆ ಬರೋಕ್ ಸಂಗೀತ ಎನ್ನುತ್ತಾರೆ, ಕಣ್ಣರಳಿಸುತ್ತಾರೆ. ನಮಗೆ ಅದು ಹಬ್ಬದ ಹಾಡು, ಅಷ್ಟೇ. ಮೇಳ ನಡೆಸುವ ಮೇಷ್ಟ್ರಿಗೆ ಒಂದು ಕೋಲಿದೆ, ಕರಿಮರದ್ದು, ಬೆಳ್ಳಿಯ ಹಿಡಿ. ಹಳೆಯ ಮೇಷ್ಟ್ರು ತೀರಿಕೊಂಡ ಮೇಲೆ ಅದು ಊರ ಹಿರಿಯರ ಕೂಟಕ್ಕೆ, ಅಂದರೆ ಕಬಿಲ್ದೊಗೆ ವಾಪಸು ಬಂದಿತ್ತು. ಅದನ್ನು ಇನ್ನೊಬ್ಬರ ಕೈಗೆ ಕೊಡುವ ಹಕ್ಕು ಮೊದಲ ಕಸೀಕೆಯದು. ಕಸೀಕೆ ಎಂದರೆ ಆ ಕೂಟದ ಯಜಮಾನ, ನನ್ನ ಮಾವ ಅನಸ್ತಾಸಿಯೊ ಪರಾಬಾ.

ಪದ್ಧತಿ ಹೀಗೆ. ಕೋಲು ಬೇಕೆನ್ನುವವರು ಹಬ್ಬದ ಪೂಜೆ ಮುಗಿದ ಕೂಡಲೇ ಜನರ ಮುಂದೆ ಹಬ್ಬದ ಕೀರ್ತನೆ ಹಾಡಿಸಬೇಕು. ಮುಗಿದ ಮೇಲೆ ಕಸೀಕೆ ಎದ್ದು, ಒಪ್ಪಿಗೆಯಾದರೆ ಹೆಸರು ಹಿಡಿದು ಕರೆದು ಕೋಲು ಕೈಗಿಡುತ್ತಾನೆ. ಇಲ್ಲದಿದ್ದರೆ ಪೀಠದ ಮೇಲೆ ಅಡ್ಡ ಮಲಗಿಸುತ್ತಾನೆ. ಒಮ್ಮೆ ಮಲಗಿಸಿದ ಕೋಲು ಆ ಮನುಷ್ಯರ ಕೈಗೆ ಮತ್ತೆಂದೂ ಬರುವುದಿಲ್ಲ. ಈ ಸಲ ಕೇಳಿದವಳು ನನ್ನ ಮಗಳು ದೆಲ್ಮೀರಾ. ನಮ್ಮೂರಲ್ಲಿ ಹೆಂಗಸೊಬ್ಬಳು ಕೇಳಿದ್ದು ಅದೇ ಮೊದಲು. ಅವಳಿಗೆ ಸಿಗದಿದ್ದರೆ ಮುಂದೆ ಕೋಲು ರುಪೆರ್ತೊ ಮಸಾಯಿಗೆ, ನಿಕಾನೋರಾಳ ಗಂಡನಿಗೆ. ಹಳೆಯ ಮೇಷ್ಟ್ರ ಕೈ ನಡುಗತೊಡಗಿದ ಮೇಲೆ ಮೇಳವನ್ನು ಎಳೆದುಕೊಂಡು ಬಂದವನು ಅವನೇ. ಎಳೆದುಕೊಂಡು ಎಂದರೆ ನಿಜಕ್ಕೂ ಎಳೆದುಕೊಂಡೇ. ಅವನು ಹಾಡಿಸಿದರೆ ಕೀರ್ತನೆ ಮುಗಿಯುವಷ್ಟರಲ್ಲಿ ಹೊರಗೆ ಕಟ್ಟಿದ ಹಸು ಕರೆಯುವ ಹೊತ್ತಾಗುತ್ತಿತ್ತು.

ಮಾವನ ಕಿವಿ ಒಂದು ಜ್ವರದಲ್ಲಿ ಹೋಯಿತು. ಊರಿಗೆ ಅನುಮಾನವಿತ್ತು, ಆದರೆ ಕಸೀಕೆಯ ಬಗ್ಗೆ ಬಾಯಿ ಬಿಡುವ ಧೈರ್ಯ ಯಾರಿಗಿರುತ್ತದೆ? ಕೇಳಿಸದ್ದಕ್ಕೆ ಅವರು ಉತ್ತರ ಕೊಡದೆ ಸುಮ್ಮನೆ ಕೂತರೆ, ಜನ ಅದನ್ನು ದೊಡ್ಡತನ ಅಂದುಕೊಂಡರು. ನ್ಯಾಯ ಹೇಳುವಾಗ ನಾನು ಪಕ್ಕದಲ್ಲಿ ಕೂತು ಬೆರಳಲ್ಲಿ ಸನ್ನೆ ಮಾಡುತ್ತಿದ್ದೆ. ಹಬ್ಬದ ಹಾಡು ಮುಗಿದ ಮೇಲೆ ಕಸೀಕೆ ನಾಲ್ಕು ಮೆಚ್ಚುಗೆಯ ಮಾತಾಡಬೇಕಲ್ಲ, ಅದಕ್ಕೂ ಒಂದು ಉಪಾಯ ಮಾಡಿದ್ದೆವು. ನಾನು ಮೇಳದಲ್ಲಿ ಹೆಂಗಸರ ಎರಡನೇ ದನಿಯ ಮುಂದಾಳು. ಹಾಡು ಚೆನ್ನಾಗಿ ಬಂದರೆ ಜಡೆಯನ್ನು ಎದೆಯ ಮೇಲೆ ಎಳೆದುಕೊಳ್ಳುತ್ತಿದ್ದೆ. ಕೆಟ್ಟರೆ ಜಡೆ ಬೆನ್ನ ಮೇಲೇ. ಹಾಗೆ ವರ್ಷಗಳು ನಡೆದವು, ಯಾರಿಗೂ ಗೊತ್ತಾಗಲಿಲ್ಲ.

ದೆಲ್ಮೀರಾ ಕೋಲು ಕೇಳಿದ ದಿನ ಮಾವ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಕಿವುಡರ ಪಿಸುಮಾತು ಬೀದಿಗೆಲ್ಲ ಕೇಳುವಂಥದ್ದು.

"ನೋಡಮ್ಮ, ಅವಳು ನಂಗೆ ಮೊಮ್ಮಗಳು, ನಿಂಗೆ ಮಗಳು. ನಿನ್ನ ಜಡೆ ನೋಡಿ ನಾನು ಕೋಲು ಕೊಟ್ರೆ ಅದು ಕಳ್ಳತನ. ಈ ಸಲ ನಿನ್ನ ಕೈ ಪುಸ್ತಕದ ಮೇಲಿರ್ಲಿ. ಜಡೆಗೆ ಹೋಯ್ತೋ, ಆ ಕ್ಷಣಾನೇ ಕೋಲು ಪೀಠದ ಮೇಲೆ ಮಲಗಿಸ್ತೀನಿ."

"ಮತ್ತೆ ಹಾಡು ಹೇಗಿತ್ತು ಅಂತ ನಿಮಗೆ ಹೇಗೆ ಗೊತ್ತಾಗತ್ತೆ ಮಾವಾ?" ಎಂದು ಬಾಯಿ ದೊಡ್ಡದಾಗಿ ತೆರೆದು ಕೇಳಿದೆ.

"ಹಾಡು ಜನಕ್ಕೆ ತಾನೇ? ಜನದ ಮುಖ ನೋಡ್ತೀನಿ. ಹಾಡು ತಲುಪಿದ್ರೆ ಮುಖದಲ್ಲಿ ಕಾಣ್ದೆ ಎಲ್ಲಿಗೆ ಹೋಗತ್ತೆ?"

ಇದೇ ಮಾತನ್ನು ನಾನು ಒಲೆಯ ಮುಂದೆ ಕಾರಿಕೊಂಡದ್ದು.

ಮರುದಿನವೇ ಗೊತ್ತಾಯಿತು. ರುಪೆರ್ತೊ ತನ್ನ ಕಡೆಯವರನ್ನೆಲ್ಲ ಅಂಗಳದಲ್ಲಿ ಕೂರಿಸಿ ಚಿಚಾ, ಅದೇ ಮೆಕ್ಕೆಜೋಳದ ಹೆಂಡ, ಕುಡಿಸಿದನಂತೆ. ಹಬ್ಬದ ದಿನ ಬೇಗ ಬಂದು ಬಲಗಡೆಯ ಬೆಂಚುಗಳನ್ನೆಲ್ಲ ಹಿಡಿಯಬೇಕು, ಹಾಡು ಶುರುವಾದ ಮೇಲೆ ಒಬ್ಬರೂ ಮುಖ ಸಡಿಲಿಸಬಾರದು ಎಂದು ನಿಕಾನೋರಾ ಮನೆಮನೆಗೂ ಹೇಳಿಬಂದಳಂತೆ. ಕಿವುಡ ತೀರ್ಪು ಹೇಳಬಾರದು ಎಂದು ಅವರು ತಕರಾರು ಎತ್ತಲಿಲ್ಲ, ನೋಡಿ. ಎತ್ತಿದರೆ ಮುಖ ಗಂಟು ಹಾಕಿ ಗೆಲ್ಲುವ ದಾರಿ ಮುಚ್ಚಿಹೋಗುತ್ತದಲ್ಲ!

ಬೆನೀತಾ ಸುಮ್ಮನಿರುವವಳೇ? "ಅವರು ಮುಖ ಗಂಟು ಹಾಕ್ಕೊಂಡ್ರೆ ನಾವೇನು ಕೈ ಕಟ್ಕೊಂಡು ಕೂರ್ತೀವಾ ಅತ್ತಿಗೆ? ಎಡಗಡೆ ಬೆಂಚು ಪೂರ್ತಿ ನಮ್ಮೋರು. ನಾನು ಅಳಿಸ್ತೀನಿ ನೋಡು. ಒಬ್ಬೊಬ್ಬರೂ ಗಳಗಳ ಅಂತ ಅಳ್ಬೇಕು."

"ಅತಿ ಮಾಡ್ಬೇಡ ಕಣೇ" ಎಂದೆ. ಬೇಡವೇ ಬೇಡ ಎನ್ನಲಿಲ್ಲ. ಎನ್ನುವ ಮನಸ್ಸು ಬರಲಿಲ್ಲ.

ದೆಲ್ಮೀರಾಗೆ ಹೇಗೋ ಸುದ್ದಿ ಮುಟ್ಟಿತು. ಮನೆಗೆ ಬಂದವಳು ಚೀಲವನ್ನು ಮೂಲೆಗೆ ಎಸೆದಳು. ಕೂಗಾಡಲಿಲ್ಲ, ಅವಳು ಅವರಪ್ಪನ ಹಾಗೆ. ಸಿಟ್ಟು ಬಂದಷ್ಟೂ ದನಿ ಇಳಿಯುತ್ತದೆ.

"ಅಮ್ಮಾ, ನನ್ನ ಹಾಡಿಗೆ ಬಾಡಿಗೆ ಕಣ್ಣೀರು ಬೇಡ."

"ನಾನೆಲ್ಲಿ ಬಾಡಿಗೆಗೆ..."

"ತಾತಂಗೆ ಇರೋದು ಎರಡು ಕಣ್ಣು. ಅದನ್ನೂ ನೀವೆಲ್ಲ ಸೇರಿ ಕುರುಡು ಮಾಡ್ತಿದ್ದೀರಿ. ಇನ್ನು ಅವರು ಏನು ನೋಡಿ ತೀರ್ಮಾನ ಮಾಡ್ಬೇಕು? ಅದಿರ್ಲಿ, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಓಡಿ ಬರೋ ಆ ಜಾಗ, ಮೂರನೇ ಭಾಗದಲ್ಲಿ. ಅಲ್ಲಿ ನೀನು ನನ್ನ ಕೈ ನೋಡು. ಬೇರೆ ಏನನ್ನೂ ನೋಡ್ಬೇಡ. ನೀನು ಬಂದ್ರೆ ಮಾತ್ರ ನಿನ್ನ ಸಾಲು ಬರೋದು."

"ನಂಗೆ ಹೇಳ್ಕೊಡ್ತೀಯಾ? ನೀನು ಹುಟ್ಟೋಕ್ ಮುಂಚಿಂದ ಹಾಡ್ತಿದ್ದೀನಿ ಅದನ್ನ" ಎಂದೆ. ಅವಳು ಊಟ ಮಾಡದೆ ಎದ್ದುಹೋದಳು. ಬಾಳೆಕಾಯಿ ಕುಟ್ಟಿ ಹುರಿದಿಟ್ಟದ್ದು ಹಾಗೇ ಆರಿಹೋಯಿತು.

ಹಬ್ಬದ ಬೆಳಿಗ್ಗೆ ಇಗರ್ಜಿ ತುಂಬಿ ತುಳುಕುತ್ತಿತ್ತು. ಮರದ ಹಲಗೆಯ ನೆಲ ಎಣ್ಣೆ ತಿಕ್ಕಿಸಿಕೊಂಡು ಮಿರುಗುತ್ತಿತ್ತು. ಮೇಳದವರು ನಾವು ಪೀಠದ ಮೆಟ್ಟಿಲ ಮೇಲೆ ಜನರಿಗೆ ಎದುರಾಗಿ ನಿಂತೆವು. ದೆಲ್ಮೀರಾ ನಮ್ಮ ಕಡೆ ತಿರುಗಿ, ಜನರಿಗೆ ಬೆನ್ನು ಮಾಡಿ. ಮಾವನ ಎತ್ತರದ ಕುರ್ಚಿಯನ್ನು ಅದೇ ಮೆಟ್ಟಿಲ ಮೇಲೆ ಪಕ್ಕಕ್ಕೆ ಹಾಕಿದ್ದರು, ಮುಖ ಬೆಂಚುಗಳ ಕಡೆಗೆ. ಮಾವ ಬಿಳಿ ಅಂಗಿ ತೊಟ್ಟು, ಕೋಲನ್ನು ಎರಡು ಮಂಡಿಗಳ ನಡುವೆ ನೆಲಕ್ಕೂರಿ, ಹಿಡಿಯ ಮೇಲೆ ಕೈ ಮೇಲೆ ಕೈಯಿಟ್ಟು ಕೂತಿದ್ದರು. ನನ್ನ ಎರಡೂ ಕೈ ಪುಸ್ತಕದ ಮೇಲೆ. ನನ್ನ ಜಡೆ ಬೆನ್ನ ಮೇಲೆ.

ಮುಂದಿನ ಬೆಂಚಿನಲ್ಲಿ ರುಪೆರ್ತೊ. ಕೈ ಕಟ್ಟಿಕೊಂಡು, ಹುಣಸೆಕಾಯಿ ಕಚ್ಚಿದವನ ಮುಖ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ನಿಕಾನೋರಾ. ಅವರ ಹಿಂದೆ ಅವರ ಕಡೆಯವರೆಲ್ಲ, ಸಾಲುಸಾಲಾಗಿ ಅದೇ ಮುಖ. ಒಬ್ಬ ಮುದುಕ ಆಗಲೇ ಕಣ್ಣು ಮುಚ್ಚಿ ಬಾಯಿ ತೆರೆದು ಗೊರಕೆಯ ನಾಟಕ ಶುರು ಮಾಡಿದ್ದ.

ಇನ್ನು ನಮ್ಮವರು! ಪಿಟೀಲಿನವರು ತಂತಿ ಸರಿಮಾಡಿಕೊಳ್ಳುತ್ತ ಒಮ್ಮೆ ಕುಯ್ಯ್ ಅನ್ನಿಸಿದರೋ ಇಲ್ಲವೋ, ಬೆನೀತಾ ಮುಖ ಮುಚ್ಚಿಕೊಂಡು ಗೊಳೋ ಎಂದು ಅಳತೊಡಗಿದಳು. ಇನ್ನೂ ಹಾಡೇ ಶುರುವಾಗಿಲ್ಲ! ಅವಳನ್ನು ನೋಡಿ ಅವಳ ಹಿಂದಿನ ಸಾಲು ಅತ್ತಿತು, ಅದರ ಹಿಂದಿನದೂ ಅತ್ತಿತು. ಯಾರೋ ಸತ್ತರೇನೋ ಎಂದು ಬಾಗಿಲ ಬಳಿ ನಿಂತವರು ಶಿಲುಬೆಯ ಗುರುತು ಮಾಡಿಕೊಂಡರು. ದೆಲ್ಮೀರಾಳ ಕತ್ತು ಕಿವಿಯವರೆಗೂ ಕೆಂಪಗಾಯಿತು. ಆದರೂ ಅವಳು ಹಿಂದೆ ತಿರುಗಲಿಲ್ಲ. ನನಗೆ ನಾಚಿಕೆಯಿಂದ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಮಾವ ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಆಮೇಲೆ ಸೂರಿನ ತೊಲೆ ನೋಡಿದರು.

ದೆಲ್ಮೀರಾ ಕೈ ಎತ್ತಿದಳು, ಹಾಡು ಹೊರಟಿತು.

ಹೆತ್ತವಳು ಅಂತ ಹೇಳುತ್ತಿಲ್ಲ. ನಾನು ಆ ಕೀರ್ತನೆಯನ್ನು ಎಷ್ಟು ಸಲ ಹಾಡಿದ್ದೇನೋ, ಅದು ಇಷ್ಟು ಹಗುರಾಗಿ ಎದ್ದದ್ದನ್ನು ಕಂಡಿರಲಿಲ್ಲ. ಗಂಡಸರ ದಪ್ಪ ದನಿ ನೆಲ ಹಾಸಿಕೊಟ್ಟಿತು, ಹುಡುಗಿಯರ ದನಿ ಅದರ ಮೇಲೆ ಓಡಿತು, ನಾವು ನಡುವಿನವರು ಇಬ್ಬರ ಕೈಯನ್ನೂ ಹಿಡಿದುಕೊಂಡೆವು. ಮೊದಲ ಭಾಗ ಮುಗಿಯುವಾಗ ನನ್ನ ಮೈ ಜುಮ್ಮೆಂದಿತು. ಇದು ಯಾರಿಗೆ ತಾನೇ ತಟ್ಟುವುದಿಲ್ಲ ಅಂದುಕೊಂಡು ಬೆಂಚುಗಳ ಕಡೆ ನೋಡಿದೆ.

ಏನು ಕಾಣುತ್ತದೆ, ಮಣ್ಣು! ಬಲಗಡೆ ಒಬ್ಬರಾದ ಮೇಲೊಬ್ಬರು ಆಕಳಿಸುತ್ತಿದ್ದರು. ನಿಕಾನೋರಾ ಬೀಸಣಿಗೆ ಬೀಸಿಕೊಳ್ಳುತ್ತ ಬಾಗಿಲ ಕಡೆ ನೋಡುತ್ತಿದ್ದಳು. ಎಡಗಡೆ ಬೆನೀತಾಳ ಪಡೆ ಸಂತೋಷದ ಭಾಗಕ್ಕೂ ಅಳು, ದುಃಖದ ಭಾಗಕ್ಕೂ ಅಳು. ಕೆಲವರಿಗೆ ಕಣ್ಣೀರು ಖಾಲಿಯಾಗಿ ಬರೀ ಮೂಗು ಎಳೆಯುತ್ತಿದ್ದರು. ನಿಜವಾಗಿ ಯಾರಿಗಾದರೂ ಕಣ್ಣು ಒದ್ದೆಯಾಗಿದ್ದರೂ ಆ ಗದ್ದಲದಲ್ಲಿ ಪತ್ತೆ ಹಚ್ಚುವವರು ಯಾರು? ಮಗಳು ಹೇಳಿದ್ದು ಸರಿ. ಮಾವನ ಕಣ್ಣಿಗೆ ನಾವೇ ಮಣ್ಣು ಹಾಕಿದ್ದೆವು.

ಎರಡನೇ ಭಾಗದ ನಡುವೆ ಮಾವ ತಲೆ ತಗ್ಗಿಸಿದರು.

ನಾನು ಪುಸ್ತಕದ ಮೇಲಿನಿಂದ ಇಣುಕಿದೆ. ಅವರು ಜನರ ಮುಖ ನೋಡುವುದನ್ನೇ ಬಿಟ್ಟಿದ್ದರು. ಗಲ್ಲ ಕೋಲಿನ ಹಿಡಿಯ ಮೇಲೆ, ಕಣ್ಣು ನೆಲದ ಮೇಲೆ. ನಿದ್ದೆ ಬಂತೇ? ಬೇಸರವಾಯಿತೇ? ಸುಳ್ಳು ಮುಖಗಳನ್ನು ನೋಡಿ ನೋಡಿ, ಇದರ ಸಹವಾಸವೇ ಬೇಡ, ಕೋಲು ಪೀಠಕ್ಕೆ ಹೋಗಲಿ ಎಂದು ತೀರ್ಮಾನಿಸಿಬಿಟ್ಟರೇ? ನನ್ನ ಮಗಳು ಬೆವರು ಸುರಿಸಿ ಹೊಸೆದ ಹಾಡು ಅವರ ಮುಂದೆಯೇ ಹರಿದುಹೋಗುತ್ತಿದೆ, ಅವರು ನೆಲ ನೋಡುತ್ತ ಕೂತಿದ್ದಾರೆ. ಚೆನ್ನಾಗಿದೆ ಮಾವಾ, ಚೆನ್ನಾಗಿದೆ, ಒಮ್ಮೆ ತಲೆ ಎತ್ತಿ ಎಂದು ಕೂಗಬೇಕು ಅನ್ನಿಸಿತು. ಕೂಗಿ ಏನು ಪ್ರಯೋಜನ, ಕಿವುಡರಿಗೆ?

ಜಡೆ ಇತ್ತಲ್ಲ. ಒಂದೇ ಒಂದು ಸಲ. ಅವರು ತಲೆ ಎತ್ತಿದಾಗ ಜಡೆ ಎದೆಯ ಮೇಲಿದ್ದರೆ, ಸಿಟ್ಟಾದರೂ ಹಾಡು ಚೆನ್ನಾಗಿದೆ ಎನ್ನುವುದು ಅವರಿಗೆ ಗೊತ್ತಾಗುತ್ತದೆ. ಗೊತ್ತಿದ್ದೂ ಮೊಮ್ಮಗಳಿಗೆ ಅನ್ಯಾಯ ಮಾಡುವಷ್ಟು ಕಟುಕರೇ ಅವರು? ನನ್ನ ಬಲಗೈ ಪುಸ್ತಕ ಬಿಟ್ಟಿತು. ಭುಜದವರೆಗೂ ಹೋಯಿತು. ಬೆರಳಿಗೆ ಜಡೆ ತಾಗಿತು.

ಅಷ್ಟರಲ್ಲಿ ಮೂರನೇ ಭಾಗ ಶುರುವಾಗಿತ್ತು. ಹುಡುಗಿಯರು ಓಡಿ ಬಂದರು. ಅವರ ಹಿಂದೆ ನಾವು ಓಡಿ ಬರಬೇಕಾದ ಜಾಗ ಬಂತು, ಹೋಯಿತು.

ನಾನು ಬಾಯಿ ತೆರೆಯಲಿಲ್ಲ. ನಾನು ತೆರೆಯಲಿಲ್ಲವೆಂದು ನನ್ನ ಸಾಲಿನ ಒಬ್ಬಳೂ ತೆರೆಯಲಿಲ್ಲ. ನಾವಿರಬೇಕಾದ ಕಡೆ ಬಾವಿಯಂಥ ತೂತು. ನಮ್ಮ ಹಿಂದೆ ಬರಬೇಕಾದ ಗಂಡಸರು ಹಿಡಿಯಲು ಏನೂ ಸಿಗದೆ ಪಿಳಿಪಿಳಿ ನೋಡಿದರು. ಮುಂದೆ ಹೋದ ಹುಡುಗಿಯರ ದನಿ ಒಂಟಿಯಾಗಿ ನಡುಗಿತು. ದೆಲ್ಮೀರಾಳ ಎಡಗೈ ನನ್ನ ಕಡೆಗೆ ಚಾಚಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಭಯವಿತ್ತು. ಅಷ್ಟು ದೊಡ್ಡವಳಾದ ಮೇಲೆ ನಾನು ಆ ಮುಖ ನೋಡಿರಲೇ ಇಲ್ಲ. ಅಯ್ಯೋ ದೇವರೇ, ನಾನೇ ಕೊಂದೆನಲ್ಲ ಅನ್ನಿಸಿತು. ಎಲ್ಲಿ ಸೇರಿಕೊಳ್ಳಬೇಕು, ತಾಳ ಎಲ್ಲಿದೆ, ಒಂದೂ ತಿಳಿಯಲಿಲ್ಲ.

ಧಡ್!

ಮುಂದಿನ ಬೆಂಚಿನಿಂದ ಬಂತು ಆ ಸದ್ದು, ಹಲಗೆಯ ನೆಲದ ಮೇಲೆ ಹಿಮ್ಮಡಿ ಬಿದ್ದ ಸದ್ದು. ಮತ್ತೆ ಧಡ್, ಮತ್ತೆ ಧಡ್, ಸರಿಯಾಗಿ ತಾಳದ ಮೇಲೆ, ದೆಲ್ಮೀರಾಳ ಓಟದಲ್ಲೇ. ನಾಲ್ಕನೆಯದಕ್ಕೆ ಮೈ ತಾನೇ ಎಚ್ಚೆತ್ತಿತು. ನಾನು ಉಸಿರೆಳೆದು ಒಳಗೆ ಹಾರಿದೆ, ನನ್ನ ಜೊತೆ ನನ್ನ ಸಾಲು ಹಾರಿತು, ನಮ್ಮ ಬೆನ್ನಿಗೇ ಗಂಡಸರು. ಹಾಡು ಮೈ ಕೊಡವಿಕೊಂಡು ಎದ್ದು ಓಡಿತು. ಕೊನೆಯ ದನಿ ತೊಲೆಗಳ ನಡುವೆ ಕರಗುವವರೆಗೂ ನಾನು ಮಗಳ ಕೈ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಮುಗಿದ ಮೇಲೆ ಮೆಲ್ಲಗೆ ಮುಂದಿನ ಬೆಂಚಿನ ಕಡೆ ಕಣ್ಣು ಹಾಯಿಸಿದೆ. ರುಪೆರ್ತೊ ಕೈ ಕಟ್ಟಿಕೊಂಡೇ ಕೂತಿದ್ದ. ಮುಖ ಅದೇ ಹುಣಸೆಕಾಯಿ.

ಮಾವ ಎದ್ದರು. ಬೆನೀತಾ ಕೂಡ ಅಳು ನಿಲ್ಲಿಸಿದಳು. ಮಾವ ದೆಲ್ಮೀರಾಳ ಹೆಸರು ಕರೆಯಲಿಲ್ಲ. ಪೀಠದ ಕಡೆಗೂ ಹೋಗಲಿಲ್ಲ. ಕೋಲೂರಿಕೊಂಡು ಮೊಮ್ಮಗಳ ಪಕ್ಕದಲ್ಲೇ, ಅವಳ ಕಡೆ ತಿರುಗಿಯೂ ನೋಡದೆ, ಮೆಟ್ಟಿಲಿಳಿದು ಬೆಂಚುಗಳ ಕಡೆ ನಡೆದರು. ರುಪೆರ್ತೊವಿನ ಎದುರು ನಿಂತರು. ಕೋಲನ್ನು ಅವನ ಮುಂದೆ ಚಾಚಿದರು.

ನಿಕಾನೋರಾಳ ಮುಖ ಅರಳಿ ಮೊರದಗಲ ಆಯಿತು. ರುಪೆರ್ತೊ ಎದ್ದು ನಿಂತು, ನಂಬಿಕೆಯಿಲ್ಲದವನ ಹಾಗೆ ಕೋಲು ಹಿಡಿದ. ಮಾವ ಮಾತ್ರ ಬಿಡಲಿಲ್ಲ. ಇಬ್ಬರ ಕೈಯೂ ಕೋಲಿನ ಮೇಲೆ.

"ನಾನು ಕಿವುಡ ಅಂತ ಊರಿಗೆಲ್ಲ ಗೊತ್ತಾಗಿದೆ" ಎಂದರು ಮಾವ. ಅವರ ದನಿ ಗೋಡೆಗೆ ಬಡಿದು ವಾಪಸು ಬಂತು. "ಯಾರು ಹೇಳಿದ್ದು ಅಂತಾನೂ ಗೊತ್ತು. ಇರ್ಲಿ. ಮುಖ ನೋಡೋಣ ಅಂತ ಬಂದೆ. ಈ ಕಡೆ ನೋಡಿದ್ರೆ ಸಾವಿನ ಮನೆ. ಆ ಕಡೆ ನೋಡಿದ್ರೆ ಊರಿಗೆ ಊರೇ ಆಕಳಿಸ್ತಿದೆ. ನಾಚ್ಕೆ ಆಗ್ಲಿಲ್ವಾ ನಿಮಗೆಲ್ಲ, ಸಂತರ ಎದುರಿಗೆ? ಅದಕ್ಕೆ ಮುಖ ಬಿಟ್ಟು ಬೆಂಚಿನ ಕೆಳಗೆ ನೋಡ್ದೆ. ಕಾಲು ನೋಡ್ದೆ."

ಅಷ್ಟೂ ಬೆಂಚುಗಳ ಕೆಳಗೆ ಅಷ್ಟೂ ಕಾಲುಗಳು ಒಮ್ಮೆಲೇ ಸರಕ್ಕನೆ ಹಿಂದಕ್ಕೆ ಸರಿದವು.

"ಈಗ ಎಳ್ಕೊಂಡು ಏನ್ ಮಾಡ್ತೀರೋ? ಆಗ್ಲೇ ನೋಡಿಯಾಯ್ತು. ಅಳೋರ ಕಾಲೂ ಕುಣೀತಿತ್ತು, ಆಕಳಿಸೋರ ಕಾಲೂ ಕುಣೀತಿತ್ತು. ಆ ಗೊರಕೆ ಹೊಡೀತಿದ್ದ ಮುದುಕಪ್ಪ, ಅವನ ಹೆಬ್ಬೆರಳಂತೂ ಚಪ್ಪಲಿಯಿಂದ ಹೊರಗೆ ಬಂದು ಕುಣೀತಿತ್ತು." ಯಾರೋ ಕಿಸಕ್ಕೆಂದರು. ಮಾವ ನಗಲಿಲ್ಲ. "ಒಂದು ಜಾಗದಲ್ಲಿ ಎಲ್ಲಾ ಕಾಲೂ ನಿಂತ್ಹೋಯ್ತು. ಏನೋ ಕೆಟ್ಟಿತು ಅಂತ ಗೊತ್ತಾಯ್ತು. ಆಗ ಒಂದೇ ಒಂದು ಕಾಲು ಬಿತ್ತು. ಬಿದ್ದಿದ್ದು ಈ ಕೋಲಿಗೆ ತಟ್ಟಿತು, ನನ್ನ ಕೈಗೆ ಬಂತು. ಅದು ನಿನ್ನ ಕಾಲು, ರುಪೆರ್ತೊ."

ರುಪೆರ್ತೊ ತನ್ನ ಪಾದವನ್ನೇ ನೋಡಿಕೊಂಡ, ಅದು ಬೇರೆ ಯಾರದೋ ಎನ್ನುವ ಹಾಗೆ.

"ಮೊದಲಿಂದಾನೂ ನಿನ್ನ ಹಿಮ್ಮಡಿ ಅವಳ ಜೊತೇಲೇ ಓಡ್ತಿತ್ತು. ಕಾಲಲ್ಲಿ ನೀನು ಆಗ್ಲೇ ಅವಳಿಗೆ ಕೋಲು ಕೊಟ್ಟಾಯ್ತು. ಇನ್ನು ಕೈಯಲ್ಲಿ ಕೊಡೋದೂ ಬಿಡೋದೂ ನಿಂಗೆ ಸೇರಿದ್ದು. ಇಟ್ಕೋತೀನಿ ಅಂದ್ರೆ ಇಟ್ಕೋ. ಈ ಊರಲ್ಲಿ ಅದಕ್ಕೆ ಯಾರೂ ಒಂದು ಮಾತು ಆಡಬಾರದು, ನನ್ನ ಮನೆಯವರೂ ಆಡಬಾರದು."

ಹೀಗೆಂದು ಮಾವ ಕೋಲು ಬಿಟ್ಟರು.

ರುಪೆರ್ತೊ ಕೋಲು ಹಿಡಿದು ನಿಂತ. ಅವನು ಆಸೆಪಟ್ಟು ಕಾದದ್ದು ಅದಕ್ಕೇ, ಈಗ ಕೈಯಲ್ಲೇ ಇದೆ. ನಿಕಾನೋರಾ ಅವನ ಅಂಗಿಯ ತುದಿ ಎಳೆದು, "ಕೂತ್ಕೊಳ್ರೀ, ಕೊಟ್ಟಾಯ್ತಲ್ಲ, ಕೂತ್ಕೊಳ್ಳಿ" ಎಂದು ಪಿಸುಗುಟ್ಟಿದ್ದು ಮೆಟ್ಟಿಲ ಮೇಲಿದ್ದ ನನಗೂ ಕೇಳಿಸಿತು. ಅವನು ಬೆಳ್ಳಿಯ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದ. ದೆಲ್ಮೀರಾ ಅವನನ್ನೇ ನೋಡುತ್ತಿದ್ದಳು. ಬೇಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಇಟ್ಟುಕೊಳ್ಳುತ್ತಾನೆ, ಇಟ್ಟುಕೊಂಡೇ ಇಟ್ಟುಕೊಳ್ಳುತ್ತಾನೆ ಎಂದು ನನ್ನ ಮನಸ್ಸು ಹೇಳುತ್ತಿತ್ತು. ನಾನಾಗಿದ್ದರೆ ಇಟ್ಟುಕೊಳ್ಳುತ್ತಿದ್ದೆ.

ಅವನು ಹೆಂಡತಿಯ ಕೈಯಿಂದ ಅಂಗಿ ಬಿಡಿಸಿಕೊಂಡು ಮೆಟ್ಟಿಲ ಹತ್ತಿರ ಬಂದ. ಬಂದವನು ದೆಲ್ಮೀರಾಳಿಗಿಂತ ಮೊದಲು ನನ್ನನ್ನು ದುರುಗುಟ್ಟಿ ನೋಡಿದ.

"ಮಗಳೇ, ಆ ಮೂರನೇ ಭಾಗಾನ ನಾನು ಅಷ್ಟು ನಿಧಾನವಾಗಿ ಯಾಕೆ ಹಾಡಿಸ್ತಿದ್ದೆ ಅಂತ ಗೊತ್ತಾ? ಊರೆಲ್ಲ ನಗ್ತಿತ್ತಲ್ಲ, ರುಪೆರ್ತೊ ಎಳೀತಾನೆ, ಎಳೀತಾನೆ ಅಂತ?"

"ಗೊತ್ತಿಲ್ಲ, ದೊನ್ ರುಪೆರ್ತೊ."

"ನಿಮ್ಮಮ್ಮ ಅಲ್ಲಿ ಯಾವಾಗ್ಲೂ ತಡವಾಗಿ ಬರ್ತಾಳೆ. ಯಾವಾಗ್ಲೂ! ಅವಳು ಬಂದು ಸೇರ್ಕೊಳ್ಳೋವರೆಗೂ ಇಡೀ ಮೇಳಾನ ನಾನು ಹಿಡಿದು ನಿಲ್ಲಿಸ್ತಿದ್ದೆ. ಹೇಳಿದ್ರೆ ಬಾಯಿಗೆ ಸಿಕ್ಕಿ ಸಾಯೋರು ಯಾರು ಅಂತ ಹೇಳ್ತಿರ್ಲಿಲ್ಲ." ಕೋಲನ್ನು ಅವಳ ಕೈಗಿಟ್ಟು, ಅವಳ ಬೆರಳುಗಳನ್ನು ತಾನೇ ಅದರ ಸುತ್ತ ಮಡಿಸಿದ. "ಓಡಿಸು. ಚೆನ್ನಾಗಿದೆ ಓಟ. ಆದ್ರೆ ಮೊದಲು ಅವಳನ್ನ ಸರಿಮಾಡು."

ಇಗರ್ಜಿಯಲ್ಲಿ ಚಪ್ಪಾಳೆ ತಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಯಾರ ಕಾಲು ಮೊದಲು ಶುರು ಮಾಡಿತೋ, ಬೆಂಚುಗಳ ಕೆಳಗೆ ಧಡ್ ಧಡ್ ಎಂದು ಎದ್ದದ್ದು ಎರಡೂ ಕಡೆಯಿಂದ ಕೂಡಿಕೊಂಡು ಹಲಗೆಯ ನೆಲವೇ ನಡುಗಿತು. ಮಾವ ಬರಿಗಾಲಲ್ಲಿ ನಿಂತು ಅದನ್ನು ಕೇಳಿಸಿಕೊಂಡರು. ನನಗೆ ನಗಬೇಕೋ ಅಳಬೇಕೋ ತಿಳಿಯದೆ, ಬೆನೀತಾಳಿಗಿಂತ ಜೋರಾಗಿ ಅತ್ತುಬಿಟ್ಟೆ.

ಆ ವಾರ ಮೇಳ ಮತ್ತೆ ಸೇರಿತು. ಮೇಷ್ಟ್ರು ಕೋಲು ಹಿಡಿದು ಮುಂದೆ ನಿಂತಳು. ನಾನು ನನ್ನ ಜಾಗದಲ್ಲಿ, ಮುಂದಿನ ಸಾಲಿನ ಮೊದಲಿಗೆ, ಎದೆ ಸೆಟೆಸಿ ನಿಂತಿದ್ದೆ. ಅವಳು ಕೋಲನ್ನು ನನ್ನ ಕಡೆ ತೋರಿಸಿದಳು.

"ಅಮ್ಮಾ, ಹಿಂದಿನ ಸಾಲು."

ಬಾಯಿಗೆ ಬಂದದ್ದನ್ನೆಲ್ಲ ಅವತ್ತು ನುಂಗಿಕೊಂಡೆ. ನನ್ನ ಜನ್ಮದಲ್ಲಿ ಅದೇ ಮೊದಲು. ಪುಸ್ತಕ ಎತ್ತಿಕೊಂಡು ಹಿಂದಿನ ಸಾಲಿಗೆ ಹೋದೆ. ಅಲ್ಲಿಂದ ಬೆಂಚುಗಳು ಕಾಣುವುದಿಲ್ಲ, ಮಾವನ ಕುರ್ಚಿಯೂ ಕಾಣುವುದಿಲ್ಲ. ಎರಡು ತಲೆಗಳ ನಡುವಿನ ಸಂದಿಯಲ್ಲಿ ಮಗಳ ಕೈ ಮಾತ್ರ ಕಾಣುತ್ತದೆ. ಮೂರನೇ ಭಾಗದಲ್ಲಿ ನಾನು ಈಗ ತಡ ಮಾಡುವುದಿಲ್ಲ.